ಹದಿನೇಳನೆಯ ಕುಲುಮೆ

ಎರ್ಲೆನ್‌ಟಾಲ್, ಸ್ಯಾಕ್ಸನಿ
೧೬ ನವೆಂಬರ್ ೨೦೧೫

ಎಬ್ಸ್,

…ಅಲ್ಲ ಕಣೋ, ಟೀಲೆಯ ಆ ಕಣ್ಣು ಹೋದದ್ದು ಸಲಾಕೆಯಿಂದಲ್ಲ, ಕನ್ನಡಕದ ಗಾಜಿನಿಂದ. ನಿನ್ನೆ ಅದನ್ನೇ ಹೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಭೇಟಿಯ ಹೊತ್ತು ಮುಗಿಯಿತೆಂದು ಗಂಟೆ ಹೊಡೆದರು. ನೀನು ಮೇಜಿಗೆ ಗುದ್ದಿದ ಗುದ್ದಿಗೆ ಪಕ್ಕದ ಮೇಜಿನ ಮಗು ಕಿರುಚಿತು, ಕಾವಲಿನವನು ನಿನ್ನ ತೋಳು ತಿರುಚಿ ಎಬ್ಬಿಸಿದ. ಮಾತು ಅರ್ಧಕ್ಕೆ ನಿಂತರೆ ನನಗೆ ಊಟ ಸೇರುವುದಿಲ್ಲ. ನನ್ನ ಗೆರ್ಲಿಂಡ ಬದುಕಿದ್ದಾಗ ಅವಳು ಗೊರಕೆ ಹೊಡೆಯುತ್ತಿದ್ದರೂ ನಾನು ವಾಕ್ಯ ಮುಗಿಸಿಯೇ ಮಲಗುತ್ತಿದ್ದೆ. ಈಗ ಗೊರಕೆಯೂ ಇಲ್ಲ. ಆದ್ದರಿಂದ ಕಾಗದ.

ನಾಲ್ಕು ವರ್ಷಕ್ಕೆ ಹತ್ತಿರವಾಯಿತು ನೀನು ಒಳಗೆ ಕೂತು. ಆ ದಿನವನ್ನು ನಿನಗೆ ಬೇಕಾದಂತೆ ತಿದ್ದಿಕೊಂಡಿದ್ದೀಯ. ನಾನು ಅಲ್ಲೇ ಇದ್ದೆ, ಆರು ಹೆಜ್ಜೆ ದೂರದಲ್ಲಿ. ಕಾರ್ಖಾನೆ ಮುಚ್ಚಿ, ಸೌರ ಹಲಗೆಯ ಸಿಲಿಕಾನ್ ಕರಗಿಸುವ ಇಪ್ಪತ್ತನಾಲ್ಕು ಕುಲುಮೆಗಳನ್ನೂ ಚೀನಾದವರಿಗೆ ಮಾರಿ, ಕೊನೆಯ ಲಾರಿಗಳು ಅಂಗಳದಲ್ಲಿ ನಿಂತಿದ್ದವು. ಬೀಳ್ಕೊಡುಗೆ ಎಂದು ಸೂಪು ಹಂಚುತ್ತಿದ್ದರು. ಕಾರ್ಖಾನೆ ನಡೆಸುತ್ತಿದ್ದ ಟೀಲೆ ಡಾಕ್ಟರು ಪೆಟ್ಟಿಗೆಯೊಂದರ ಮೇಲೆ ಹತ್ತಿ, "ನಾವು ಇಲ್ಲಿ ಕಲಿತದ್ದು ಇನ್ನು ಜಗತ್ತಿನ ಛಾವಣಿಗಳ ಮೇಲೆಲ್ಲ ಇರುತ್ತೆ, ಹೆಮ್ಮೆ ಪಡಿ" ಎನ್ನುತ್ತಿದ್ದ. ನೀನು ಅವನ ಭಾಷಣ ಕೇಳುತ್ತಿರಲಿಲ್ಲ, ಅವನ ಕಾಲಡಿಯ ಪೆಟ್ಟಿಗೆ ನೋಡುತ್ತಿದ್ದೆ. ಹಲಗೆಗಳ ಸಂದಿಯಲ್ಲಿ ಹೊಸ ಹಸಿರು ಬಣ್ಣ. ಬಣ್ಣದ ಕೆಳಗೆ, ಉಜ್ಜಿದರೂ ಹೋಗದ ಹದಿನೇಳು.

ನಿನ್ನ ಮಗಳನ್ನು, ನಮ್ಮ ರೋಮಿಯನ್ನು ಕೊಂದ ಕುಲುಮೆಗೆ ಹೊಸ ತೊಟ್ಟಿ ಕೂರಿಸಿ ಅದನ್ನೂ ಮಾರಿದ್ದರು.

ಸಲಾಕೆಯ ಮೊದಲ ಹೊಡೆತ ಅವನ ಹೆಗಲಿಗೆ. ಎರಡನೆಯದು ಮುಖಕ್ಕೆ, ಆಗ ಎಡಗಾಜು ಒಳಗೆ ಹೋಯಿತು. ಮೂರನೆಯದು ಮೊಣಕಾಲಿಗೆ, ಒಣ ಹಲಗೆ ಮುರಿದ ಸದ್ದು. ಆಮೇಲೆ ಅವನು ಬಿದ್ದಿದ್ದ, ನೀನು ಎಣಿಸದೆ ಹೊಡೆದೆ. ಬಿಡಿಸಲು ನಾಲ್ವರು ಬೇಕಾದರು. ನಾನು ಆ ನಾಲ್ವರಲ್ಲಿ ಇರಲಿಲ್ಲ. ಸೂಪಿನ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ಟು ಬಿ ಫ್ರ್ಯಾಂಕ್ (ಅಮೆರಿಕನ್ನರ ಪತ್ರಿಕೆ ಓದಲೆಂದು ಸಂಜೆ ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಇಂಥ ನಾಲ್ಕು ಮಾತು ಮಾತ್ರ ಉಳಿದಿದೆ) ಯಾಕೆ ನಿಂತೆನೆಂದು ನೀನು ಒಮ್ಮೆಯೂ ಕೇಳಿಲ್ಲ.

ನಿನ್ನೆ ಹೇಳಿದೆಯಲ್ಲ, "ಮಾರ್ಚಲ್ಲಿ ಹೊರಗ್ ಬರ್ತೀನಿ, ಅರ್ಧಕ್ ಬಿಟ್ಟ ಕೆಲ್ಸ ಮುಗಿಸ್ತೀನಿ" ಅಂತ. ಯಾವ ಕೆಲಸ ಎಂದು ನಾನು ಕೇಳಲಿಲ್ಲ. ಮೊನ್ನೆ ಸಂತೆಯಲ್ಲಿ ಟೀಲೆ ಸಿಕ್ಕಿದ್ದ. ಕೋಲು ಊರಿಕೊಂಡು ಲೀಕ್ ಸೊಪ್ಪು ಆರಿಸುತ್ತಿದ್ದ. ಕಪ್ಪು ಗಾಜು. ಎಡಗಡೆಯಿಂದ ಬಂದವರು ಅವನಿಗೆ ಕಾಣುವುದಿಲ್ಲ, ನಾನು ಎಡಗಡೆಯಿಂದಲೇ ದಾಟಿ ಹೋದೆ. ಸಾಕು ಬಿಡೋ ಎಬ್ಸ್. ಅವನಿಂದ ತೆಗೆದುಕೊಳ್ಳಬಹುದಾದದ್ದನ್ನೆಲ್ಲ ತೆಗೆದುಕೊಂಡಾಗಿದೆ. ನಮ್ಮ ಗಣಿಯವರ ಹಾರೈಕೆಯೇ ನಿನಗೂ, ಕ್ಷೇಮವಾಗಿ ಮೇಲೆ ಬಾ:

ಗ್ಲ್ಯುಕ್ ಔಫ್,
ಸಿಗಿ


ಜೈಲು, ಕೋಣೆ ೨೧೪
೨೩ ನವೆಂಬರ್ ೨೦೧೫

ಸಿಗಿ,

ಗಾಜೋ ಸಲಾಕೆಯೋ, ಅವನಿಗೆ ಹೋದದ್ದು ಒಂದು ಕಣ್ಣು. ನನ್ನ ಮಗಳಿಗೆ ಮುಖವೇ ಹೋಯಿತು. ಶವಪೆಟ್ಟಿಗೆಗೆ ಮೊಳೆ ಹೊಡೆದೇ ನನ್ನ ಕೈಗೆ ಕೊಟ್ಟರು, ಮರೆತೆಯಾ? ಒಂದು ಬದಿ ನೀನೇ ಹೊತ್ತಿದ್ದೆ. ಎಷ್ಟು ಹಗುರವಾಗಿತ್ತು ಎಂದು ನಿನಗೆ ಗೊತ್ತು.

ತನಿಖೆಯವರು ಬರೆದದ್ದು ನನಗೆ ಬಾಯಿಪಾಠ. ಕುಲುಮೆ ತಣಿಸುವ ನೀರು ನಿಂತಿತು. ನೀರು ನಿಂತರೆ ಕುಲುಮೆಯನ್ನು ಆರಿಸಬೇಕಾದ ಕಾವಲು ಸ್ವಿಚ್ಚು ಆರಿಸಲಿಲ್ಲ. ಕಾರಣ ತಿಳಿಯದು. ಕಾರಣ ತಿಳಿಯದು! ಅದಕ್ಕೆ ಎರಡು ವಾರ ಮುಂಚೆ ತಾನೆ ಟೀಲೆ, "ಈ ತಿಂಗಳು ರಿಪೇರಿಗೆ ಅಂತ ಒಂದು ಕುಲುಮೇನೂ ನಿಲ್ಲಿಸೋ ಹಾಗಿಲ್ಲ" ಎಂದು ಗೋಡೆಗೆ ಚೀಟಿ ಅಂಟಿಸಿದ್ದ. ಚೀಟಿಯನ್ನು ನ್ಯಾಯಾಧೀಶರ ಮುಂದೆ ಇಟ್ಟೆ. ಅವಳು ಕನ್ನಡಕ ಏರಿಸಿ ಓದಿ, ಬದಿಗೆ ಸರಿಸಿದಳು.

ಮೊನ್ನೆ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಮ್ನಿಟ್ಸಿನವನೊಬ್ಬ ನನ್ನ ಜೇಬಿನಿಂದ ರೋಮಿಯ ಫೋಟೊ ಎಳೆದು, "ಯಾವನಯ್ಯ ಇವಳನ್ನ ಇಟ್ಕೊಂಡಿರೋನು?" ಎಂದ. ಆಮೇಲೆ ಅವನ ಅಂಗೈ ಇಸ್ತ್ರಿಯ ಬಿಸಿ ಹಲಗೆಯ ಮೇಲೆ ಬಿತ್ತು. ಹತ್ತು ಎಣಿಸುವವರೆಗೆ ಮೇಲೇಳಲಿಲ್ಲ. ಜಾರಿದನಂತೆ. ಇಲ್ಲಿ ಎಲ್ಲರೂ ಜಾರುತ್ತಾರೆ. ಕಾಗದ ಓದಿ ಮುದ್ರೆ ಒತ್ತುವ ಮಹಾಶಯರೇ, ನೀವೂ ಹಾಗೆಯೇ ಬರೆದುಕೊಳ್ಳಿ.

ಭಾನುವಾರ ಅಡ್ವೆಂಟ್, ಕ್ರಿಸ್ಮಸ್ಸಿಗೆ ಕಾಯುವ ನಾಲ್ಕು ವಾರದ ಶುರು. ನನ್ನ ಸಾಮಾನು ನಿನ್ನ ನೆಲಮಾಳಿಗೆಯಲ್ಲಿದೆ. ಕಂದು ಪೆಟ್ಟಿಗೆಯಲ್ಲಿ ಅವಳ ಮರದ ದೇವತೆ ಇರಬೇಕು, ರೆಕ್ಕೆಯ ಗೊಂಬೆ, ಎರಡು ಕೈಯಲ್ಲೂ ಮೇಣದಬತ್ತಿ ಹಿಡಿದದ್ದು. ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳೋ ಅಷ್ಟು ದೇವತೆ ಕಿಟಕಿಯಲ್ಲಿ ನಿಲ್ಲಬೇಕು. ನನಗೆ ಕಿಟಕಿ ಇಲ್ಲ. ನಿನ್ನ ಕಿಟಕಿಯಲ್ಲಿ ನಿಲ್ಲಿಸು. ನೀನು ಅವಳನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡ ಜ್ಞಾನಪಿತ, ಆ ಹಕ್ಕು ನಿನಗಿದೆ.

ಗ್ಲ್ಯುಕ್ ಔಫ್,
ಎಬರ್ಹಾರ್ಡ್


ಎರ್ಲೆನ್‌ಟಾಲ್, ತೋಟದ ಗುಡಿಸಲು
೨೧ ಡಿಸೆಂಬರ್ ೨೦೧೫

ಎಬ್ಸ್,

ದೇವತೆಯನ್ನು ನಿಲ್ಲಿಸಿದ್ದೇನೆ. ಮನೆಯ ಕಿಟಕಿಯಲ್ಲಿ ನಾಲ್ಕು ದಿನ ಇಟ್ಟೆ, ಆಮೇಲೆ ಇಲ್ಲಿ ತೋಟದ ಗುಡಿಸಲಿಗೆ ತಂದೆ. ಅಡುಗೆಮನೆಯಲ್ಲಿ ಅದರ ಎದುರು ಕೂತು ಉಣ್ಣಲು ಆಗಲಿಲ್ಲ. ಇಲ್ಲಿ ಅದಕ್ಕೆ ಮೇಣದಬತ್ತಿ ಬೇಕಿಲ್ಲ. ರೋಮಿಯೇ ಬೆಸುಗೆ ಹಾಕಿದ ಸೌರ ಹಲಗೆ ಮಾಡಿನ ಮೇಲಿದೆಯಲ್ಲ, ಅಂಚು ಒಡೆದು ಕಸಕ್ಕೆ ಹೋಗಬೇಕಿದ್ದ ಮೂವತ್ತಾರು ಬಿಲ್ಲೆಗಳದ್ದು, ಅದರಿಂದ ಒಂದು ಸಣ್ಣ ದೀಪ ಉರಿಯುತ್ತದೆ. ಡಿಸೆಂಬರಿನ ಸೂರ್ಯನಿಗೆ ಅದು ಅರ್ಧ ಗಂಟೆಯ ದೀಪ. ಆದ್ದರಿಂದ ಹಗಲಿನಲ್ಲೇ ಬರೆಯುತ್ತೇನೆ.

ನೆನಪಿದೆಯಾ, ನಾವಿಬ್ಬರೂ ಆ ಹಾಲ್‌ಗೆ ಸೇರಿದಾಗ ಸಿಲಿಕಾನ್ ಎಂದರೆ ರೇಡಿಯೊ, ಗಣಕಯಂತ್ರ, ಸರ್ಕಾರದ ಗುಟ್ಟು. ಸ್ಫಟಿಕದ ತಲೆ ಮತ್ತು ಬಾಲ ಕೊಯ್ದು ಬಿಸಾಡುತ್ತಿದ್ದೆವು. ಅಮೆರಿಕದ ಟೆಲಿಫೋನಿನವರು ಐವತ್ತನಾಲ್ಕರಲ್ಲೇ ಅದರಿಂದ ಬಿಸಿಲನ್ನು ಕರೆಂಟು ಮಾಡಿ ತೋರಿಸಿದ್ದರಂತೆ, ನಮಗೆ ಅದು ಪತ್ರಿಕೆಯ ಮೂಲೆಯ ಸುದ್ದಿ. ದೇಶ ಒಡೆದಿದ್ದ ಗೋಡೆ ಬಿದ್ದ ಮೇಲೆ ಆ ಬಾಲಗಳೇ ನಮ್ಮನ್ನು ಸಾಕಿದವು. ಮಾಡಿನ ಮೇಲಿನ ಕರೆಂಟಿಗೆ ಇಪ್ಪತ್ತು ವರ್ಷ ಬೆಲೆ ಕೊಡುತ್ತೇವೆಂದು ಸರ್ಕಾರ ಕಾನೂನು ಮಾಡಿದ್ದೇ ತಡ, ದನದ ಕೊಟ್ಟಿಗೆಗೂ ನೀಲಿ ಹೊದಿಕೆ ಬಂತು. ಸಿಲಿಕಾನ್ ಸಿಗದೆ ದಲ್ಲಾಳಿಗಳು ಗೇಟಿನ ಬಳಿ ನಿಂತು ನಮ್ಮ ಕಸದ ಡಬ್ಬಿಗೆ ಕಿತ್ತಾಡುತ್ತಿದ್ದರು. ಒಬ್ಬ ಇನ್ನೊಬ್ಬನ ಮೂಗು ಒಡೆದು ರಕ್ತ ಹಿಮದ ಮೇಲೆ ಬಿದ್ದದ್ದನ್ನು ನೋಡಿ ನೀನು, "ಇನ್ನು ನಾವು ಸಾಯೋವರೆಗೆ ಕೆಲಸ ಇದೆ ಕಣೋ" ಎಂದಿದ್ದೆ.

ಆ ವರ್ಷವೇ ರೋಮಿ ಬಂದಳು. ಹಾಲ್‌ನಲ್ಲಿ ಮೊದಲ ಹೆಂಗಸು. ನಾನೇ ಕಲಿಸಿದ್ದು. ಬೀಜದ ಸ್ಫಟಿಕವನ್ನು ಕರಗಿದ ಸಿಲಿಕಾನಿಗೆ ಮುಟ್ಟಿಸಿ, ತಿರುಗಿಸುತ್ತ, ಮೊದಲು ಕತ್ತು ಎಳೆಯಬೇಕು, ಪೆನ್ಸಿಲ್‌ಗಿಂತ ಸಣ್ಣ. ಇಡೀ ಸ್ಫಟಿಕ ಆ ಕತ್ತಿನಿಂದ ನೇತಾಡುತ್ತದೆ. ಕಪ್ಪು ಗಾಜಿನಿಂದ ನೋಡುತ್ತ ಅವಳೆಂದಳು, "ಸಿಗಿ ಮಾಮ, ಇದು ನನ್ನ ಕಿರುಬೆರಳಷ್ಟೂ ಇಲ್ಲ, ನನ್ನ ಎರಡರಷ್ಟು ಭಾರ ಹೊರುತ್ತೆ! ನಮ್ಮಪ್ಪನ ಕತ್ತು ನೋಡಿ, ಎತ್ತಿನ ಹಾಗಿದೆ, ತಲೆ ಮಾತ್ರ ಖಾಲಿ." ನೀನು ಹಿಂದೆಯೇ ನಿಂತಿದ್ದೆ. ಆ ದಿನ ನೀನು ನಕ್ಕ ಹಾಗೆ ಮತ್ತೆ ನಗಲಿಲ್ಲ.

ಕೊನೆಗೆ ಬಾಲ. ಬಾಲವನ್ನು ಮೆಲ್ಲಗೆ ಚೂಪು ಮಾಡಿ ಬಿಡಿಸಬೇಕು. ಆ ಎರಡು ಗಂಟೆಯಲ್ಲಿ ಕುಲುಮೆ ಆರಿತೋ, ಬಿರುಕು ಕೆಳಗಿನಿಂದ ಮೇಲಕ್ಕೆ ಓಡಿ ಇಡೀ ಎರಡು ದಿನದ ದುಡಿಮೆ ಸೀಳುತ್ತದೆ. ನಮ್ಮ ನೀರಿನಲ್ಲಿ ಸುಣ್ಣ. ಸೋಸುವ ಬಲೆ ಕೊಂಚ ಕಟ್ಟಿಕೊಂಡಾಗಲೆಲ್ಲ ಕಾವಲು ಸ್ವಿಚ್ಚು ಸುಮ್ಮಸುಮ್ಮನೆ ಆರಿಸಿಬಿಡುತ್ತಿತ್ತು. ಆದ್ದರಿಂದ ಬಾಲದ ಹೊತ್ತಿಗೆ ನಾವು ಕಾವಲಿನ ಗಾಜಿನ ಕೊಳವೆಗೆ ಅಯಸ್ಕಾಂತ ಅಂಟಿಸುತ್ತಿದ್ದೆವು. ನೀರು ಸರಿಯಾಗಿ ಹರಿಯುತ್ತಿದೆ ಎಂದು ಸ್ವಿಚ್ಚು ನಂಬುತ್ತಿತ್ತು. ಬಾಲ ಬಿಟ್ಟ ಮೇಲೆ ಕಿತ್ತು ಜೇಬಿಗೆ. ಪಾಳಿ ಬದಲಾಗುವ ಮುಂಚೆ ಕೀಳಲೇಬೇಕು, ಅದೊಂದೇ ನಿಯಮ. ಎಲ್ಲರ ಜೇಬಿನಲ್ಲೂ ಒಂದಿತ್ತು. ನಿನ್ನದು ಹಸುವಿನ ಆಕಾರದ್ದು. ರೋಮಿಯದು ಬೆಳ್ಳಗಿನ ಗುಂಡಿ. ನನ್ನದು ಗೆರ್ಲಿಂಡಳ ಫ್ರಿಜ್ಜಿನ ಬಾಗಿಲಿನಿಂದ ಕದ್ದ ಗುಲಗಂಜಿ ಹುಳ, ಕೆಂಪು, ಬೆನ್ನ ಮೇಲೆ ಐದು ಚುಕ್ಕೆ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದೇ. ಇನ್ ಫ್ಯಾಕ್ಟ್ ಹೇಳಬೇಕಾದ್ದು ಬೇರೆ ಇತ್ತು. ಆದರೆ ನಾಲ್ಕು ಗಂಟೆಗೇ ಬೆಳಕು ಹೋಗುತ್ತದೆ, ಅಕ್ಷರ ಕಾಣುತ್ತಿಲ್ಲ. ನಿಲ್ಲಿಸುತ್ತೇನೆ.

ಗ್ಲ್ಯುಕ್ ಔಫ್,
ಸಿಗಿ


(ಕೈಯಲ್ಲಿ ಕಳಿಸಿದ್ದು)
ಜನವರಿ ೧೯

ಸಿಗಿ,

ಇದನ್ನು ತರುವವನು ಇವತ್ತು ಬಿಡುಗಡೆಯಾದವನು. ಹೊಟ್ಟೆಗೆ ಏನಾದರೂ ಕೊಡು, ಪ್ರಶ್ನೆ ಕೇಳಬೇಡ.

ಮಾರ್ಚ್ ಹದಿನೆಂಟು, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ ನನ್ನನ್ನು ಗೇಟಿನಿಂದ ಹೊರಗೆ ಬಿಡುತ್ತಾರೆ. ನಿನ್ನ ಕಾರು ತಾ. ಟೀಲೆ ಈಗ ನದಿಯ ಆಚೆ, ಹಳೆಯ ಗಿರಣಿಯ ಪಕ್ಕದ ಓಣಿಯಲ್ಲಿದ್ದಾನಂತೆ, ಮೂರನೆಯ ಮನೆ, ನೀಲಿ ಬಾಗಿಲು. ಓಣಿಯ ತುದಿಗೆ ಬಿಡು. ಇಳಿಸಿ ಮನೆಗೆ ಹೋಗಿ ಕಾಫಿ ಕುಡಿ. ಯಾರು ಕೇಳಿದರೂ ನಿನಗೇನೂ ಗೊತ್ತಿಲ್ಲ.

ಸಲಾಕೆ ಬೇಡ. ಸಲಾಕೆ ಬೇಗ ಮುಗಿಸುತ್ತದೆ. ಅವನಿಗೆ ಒಂದು ಕಣ್ಣು ಉಳಿಸಿದ್ದು ಒಳ್ಳೆಯದೇ ಆಯಿತು. ನಾನು ಏನು ಮಾಡುತ್ತಿದ್ದೇನೆ ಎಂದು ಅವನು ನೋಡಲಿ. ಅವನ ಒಲೆ ಹಚ್ಚುತ್ತೇನೆ. ಅವಳ ಮುಖಕ್ಕೆ ಏನು ತಗುಲಿತೋ ಅದು ಅವನ ಮುಖಕ್ಕೂ ತಗುಲಲಿ, ಮೆಲ್ಲಗೆ. ಅವನು ಕಾರಣ ಹೇಳುವವರೆಗೆ. ಹೇಳಿದ ಮೇಲೂ.

ಆಮೇಲೆ ಅವರು ನನ್ನನ್ನು ಸಾಯುವವರೆಗೆ ಒಳಗಿಡಲಿ. ನನಗೆ ಹೊರಗೆ ಬೇರೆ ಕೆಲಸವಿಲ್ಲ.

ನಿನ್ನಿಂದ ನಾನು ಯಾವತ್ತೂ ಏನೂ ಕೇಳಿಲ್ಲ ಸಿಗಿ. ಇದೊಂದು.

ಎಬ್ಸ್


ಎರ್ಲೆನ್‌ಟಾಲ್
೨ ಫೆಬ್ರವರಿ ೨೦೧೬

ಎಬ್ಸ್,

ನಿನ್ನವನು ಬಂದಿದ್ದ. ಕತ್ತಿನ ತುಂಬ ಹಚ್ಚೆ, ಕೈ ಮಾತ್ರ ಮಗುವಿನದು. ಮೂರು ಬಟ್ಟಲು ಆಲೂಗಡ್ಡೆ ಸೂಪು ಕುಡಿದು, "ಅಜ್ಜ, ನಿಮ್ಮ ಸ್ನೇಹಿತ ನಿದ್ದೇಲಿ ಹಲ್ಲು ಕಡೀತಾನೆ" ಎಂದು ಹೋದ. ಅವನು ತಂದದ್ದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಈ ಕಾಗದ ಓದುವವರಿದ್ದಾರೆ. ಮುಂದೆ ಬರೆಯುವುದನ್ನು ಮಾತ್ರ ಅವರೂ ಓದಲಿ.

ಹನ್ನೆರಡು ಅಕ್ಟೋಬರ್, ಎರಡು ಸಾವಿರದ ಹತ್ತು. ಮಂಗಳವಾರ. ಬೆಳಗಿನ ಪಾಳಿ ನನ್ನದು, ಎರಡು ಗಂಟೆಯಿಂದ ರೋಮಿಯದು. ಹದಿನೇಳರಲ್ಲಿ ಹನ್ನೆರಡೂವರೆಗೆ ಬಾಲ ಶುರುವಾಗಿತ್ತು. ಗುಲಗಂಜಿ ಹುಳವನ್ನು ಕಾವಲಿಗೆ ಅಂಟಿಸಿದೆ. ಒಂದು ನಲವತ್ತಕ್ಕೆ ಆಸ್ಪತ್ರೆಯಿಂದ ಗೆರ್ಲಿಂಡಳ ಫೋನು. "ಸಿಗಿ, ಗಡ್ಡೆ ಯಕೃತ್ತಿಗೂ ಹೋಗಿದೆಯಂತೆ. ನೀನು ಬಾ." ಅಷ್ಟೇ. ನಾನು ಕೈಗವಸು ಕಿತ್ತೆ. ಬಾಗಿಲಲ್ಲಿ ರೋಮಿ ಎದುರಾದಳು, ಇನ್ನೂ ಕೂದಲು ಕಟ್ಟಿಕೊಳ್ಳುತ್ತಿದ್ದಳು. "ಹೋಗಿ ಮಾಮ, ನಾನು ನೋಡ್ಕೋತೀನಿ, ಅತ್ತೆಗೆ ಮುತ್ತು ಕೊಡಿ" ಎಂದಳು. ನಾನು ಓಡಿದೆ.

ಹುಳವನ್ನು ಕೀಳಲಿಲ್ಲ.

ಬಾಲ ಬಿಟ್ಟಿತು, ಅವಳು ಚೆನ್ನಾಗಿಯೇ ಬಿಡಿಸಿದ್ದಳು. ಹೊರಡುವ ಪಾಳಿಯವನು ಕಿತ್ತಿರುತ್ತಾನೆ ಎಂಬುದು ನಿಯಮ, ಅವಳು ಯಾಕೆ ನೋಡುತ್ತಾಳೆ? ತೊಟ್ಟಿಯಲ್ಲಿ ಇನ್ನೂ ಕೆಂಡದಂಥ ದ್ರವ ಉಳಿದಿತ್ತು. ಬಲೆ ಕಟ್ಟಿಕೊಂಡಿತು, ನೀರು ನಿಂತಿತು. ಸ್ವಿಚ್ಚು ನನ್ನ ಹುಳವನ್ನು ನಂಬಿಕೊಂಡು ಸುಮ್ಮನಿತ್ತು. ಕುಲುಮೆಯ ಗೋಡೆ ಕಾದು ಸೀಳಿತು, ಸಾವಿರದ ನಾನೂರು ಡಿಗ್ರಿಯ ಮೇಲೆ ನೀರು ಬಿತ್ತು. ಮೂರು ಹತ್ತಕ್ಕೆ ನಾನು ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿದ್ದೆ. ಕಿಟಕಿ ಗಾಜು ಅಲುಗಿತು. ಗೆರ್ಲಿಂಡ, "ಗಣಿ ಕುಸಿಯಿತಾ?" ಎಂದಳು. ಗಣಿ ಮುಚ್ಚಿ ನಲವತ್ತು ವರ್ಷವಾಗಿತ್ತು.

ಹಾಲ್‌ಗೆ ಬಂದಾಗ ಮಾಡಿನ ಒಂದು ಭಾಗ ಇರಲಿಲ್ಲ. ಮೇಲಿನಿಂದ ಬೂದಿಯಂತೆ ಸಿಲಿಕಾನ್ ಉದುರುತ್ತಿತ್ತು, ಮೈಗೆ ತಾಗಿದಲ್ಲಿ ಚುಚ್ಚುತ್ತಿತ್ತು. ಅವಳು ಇಪ್ಪತ್ತನೆಯ ಕುಲುಮೆಯ ಬಳಿ ಗೋಡೆಗೆ ಒರಗಿ ಕೂತಿದ್ದಳು. ಕೂತ ಭಂಗಿ ಅವಳದೇ, ಉಳಿದದ್ದು ಅವಳದಲ್ಲ. ಕೂದಲು ಕಟ್ಟಿದ ರಬ್ಬರು ಕರಗಿ ಬೆನ್ನಿಗೆ ಅಂಟಿತ್ತು. ನೀನು ಇನ್ನೂ ಬಂದಿರಲಿಲ್ಲ. ಅಗ್ನಿಶಾಮಕದವರು ನನ್ನನ್ನು ಎಳೆಯುತ್ತಿದ್ದಾಗ ನೆಲದ ಜಾಲರಿಯ ಮೇಲೆ ಅದು ಕಂಡಿತು. ಕೆಂಪು ಸುಟ್ಟು ಕಪ್ಪಾಗಿತ್ತು, ಚುಕ್ಕೆ ಇರಲಿಲ್ಲ, ಕಬ್ಬಿಣಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಕಿತ್ತು ಜೇಬಿಗೆ ಹಾಕಿದೆ. ಒಂದೂವರೆ ಗಂಟೆ ತಡವಾಗಿ ನಿಯಮ ಪಾಲಿಸಿದೆ.

ತನಿಖೆಯವರು ಕೇಳಿದಾಗ ಗೆರ್ಲಿಂಡ ಸಾಯುತ್ತಿದ್ದಳು. ಅವಳು ಸತ್ತ ಮೇಲೆ ನೀನು ಟೀಲೆಯ ಹೆಸರು ಹೇಳತೊಡಗಿದ್ದೆ. ಆ ಹೆಸರು ಇರುವವರೆಗೆ ನನ್ನ ಹೆಸರು ಇರಲಿಲ್ಲ. ಸೂಪಿನ ತಟ್ಟೆ ಹಿಡಿದು ನಿಂತದ್ದು ಅದಕ್ಕೆ. ಒಂದೊಂದು ಹೊಡೆತಕ್ಕೂ ನಾನು ಬಾಯಿ ತೆರೆದೆ, ಒಂದೊಂದಕ್ಕೂ ಮುಚ್ಚಿದೆ.

ಕಳೆದ ವಾರ ವಕೀಲರೊಬ್ಬರನ್ನು ಕೇಳಿದೆ. ಇಂಥ ತಪ್ಪಿಗೆ ಐದು ವರ್ಷ ಕಳೆದರೆ ಕಾನೂನು ಮುಟ್ಟುವುದಿಲ್ಲವಂತೆ. ಅಕ್ಟೋಬರಿಗೆ ಐದು ತುಂಬಿತು. ಅದಕ್ಕಾಗಿಯೇ ಕಾದೆಯಾ ಎಂದು ನೀನು ಕೇಳಬಹುದು. ಇಲ್ಲ ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ನೋಡು, ಗೀಟು ಕಾಣುತ್ತದೆ.

ಆದ್ದರಿಂದ ನನ್ನನ್ನು ಕೇಳುವವನು ನೀನೊಬ್ಬನೇ ಉಳಿದೆ. ಬೇರೆ ಯಾರ ಓಣಿಗೂ ಹೋಗಬೇಡ. ನಾನು ಇಲ್ಲಿದ್ದೇನೆ.

ಸಿಗ್ಮಾರ್


ಎರ್ಲೆನ್‌ಟಾಲ್
೨೬ ಫೆಬ್ರವರಿ ೨೦೧೬

ಎಬ್ಸ್,

ಮೂರು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಭೇಟಿಗೆ ಬಂದೆ, "ಕ್ರಾಲ್ ನಿಮ್ಮ ಹೆಸರು ಪಟ್ಟಿಯಿಂದ ತೆಗೆಸಿದ್ದಾನೆ" ಎಂದು ಗೇಟಿನಲ್ಲೇ ತಿರುಗಿಸಿದರು. ಹಾಗಾದರೆ ಓದಿದ್ದೀಯ.

ನಿನ್ನೆ ಟೀಲೆಯ ಮನೆಗೆ ಹೋಗಿದ್ದೆ. ಬಾಗಿಲು ನೀಲಿಯೇ. ಅವನ ಹೆಂಡತಿ ಒಳಗೆ ಕರೆದು ಕಾಫಿ ಇಟ್ಟಳು. ನಾನು ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಹೇಳಿದೆ. ಅವನು ಅರ್ಧಕ್ಕೇ ಕೈ ಎತ್ತಿದ.

"ಹುಳ. ಗೊತ್ತು ನನಗೆ."

"ಏನು ಗೊತ್ತು ಡಾಕ್ಟ್ರೇ?"

"ದಿನಾ ಹಾಲ್ ಸುತ್ತುತ್ತಿದ್ದೆನಲ್ಲ, ಕುರುಡ ಅಂದ್ಕೊಂಡಿದ್ರಾ? ಆಗ ಎರಡು ಕಣ್ಣೂ ಇತ್ತು ನನಗೆ. ಒಂದರ ಮೇಲೆ ಹಸು, ಒಂದರ ಮೇಲೆ ಬಿಯರ್ ಬಾಟ್ಲಿ, ನಿಮ್ಮದರ ಮೇಲೆ ಹುಳ. ಚೀನಾದವರು ವರ್ಷಕ್ಕೆ ಅರ್ಧ ಬೆಲೆ ಇಳಿಸ್ತಿದ್ರು. ನನಗೆ ಒಡೀದ ಬಾಲ ಬೇಕಿತ್ತು. ನಾನು ಈ ಕಡೆ ನೋಡದೆ ಆ ಕಡೆ ನೋಡ್ತಾ ಹೋಗ್ತಿದ್ದೆ."

"ಮತ್ತೆ ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಾನು ನೋಡಿದ್ದೆ ಅಂತಲೂ ಹೇಳ್ಬೇಕಾಗ್ತಿತ್ತು."

ಒಂಥರಾ ಹಗುರವಾಗಿತ್ತು, ನಾಚಿಕೆಗೇಡು, ಆದರೂ ಹಗುರ. ನಾನು ಕಾಫಿಗೆ ಕೈ ಚಾಚಿದೆ. ಆಗ ಅವನೆಂದ, "ಆದ್ರೆ ಆವತ್ತು ನೀವು ಅಲ್ಲೇ ನಿಂತಿದ್ರಿ ರೀ. ಸೂಪಿನ ತಟ್ಟೆ ಹಿಡ್ಕೊಂಡು. ಮೊದಲ ಏಟಿಗೆ ತಿರುಗಿದಾಗ ನಿಮ್ಮ ಮುಖ ಕಾಣ್ತು. ಕೊನೇದಾಗಿ ಆ ಕಣ್ಣಲ್ಲಿ ನೋಡಿದ್ದು ನಿಮ್ಮನ್ನೇ."

ಕೋಲು ಯಾವಾಗ ಎತ್ತಿದನೋ ಕಾಣಲಿಲ್ಲ. ಬಾಯಿಗೇ ಬಿತ್ತು. ಎರಡು ಹಲ್ಲು ಬಟ್ಟಲಿನೊಳಗೆ ಬಿದ್ದವು. ಎರಡನೆಯದು ಕಿವಿಗೆ, ಮೂರನೆಯದಕ್ಕೆ ಅವನೇ ಸಮತೋಲ ತಪ್ಪಿ ನನ್ನ ಮೇಲೆ ಬಿದ್ದ. ನೆಲದ ಮೇಲೆ ಇಬ್ಬರು ಮುದುಕರು ಒಬ್ಬರ ಕೊರಳು ಒಬ್ಬರು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದೆವು. ಹೆಂಡತಿ ಒದ್ದೆ ಬಟ್ಟೆ ತಂದಳು. ಮೊದಲು ಯಾರಿಗೆ ಕೊಡುವುದೆಂದು ತಿಳಿಯದೆ ನಿಂತಿದ್ದಳು, ಪಾಪ.

ಹೊರಡುವಾಗ ಅವನಿಗೆ ಹೇಳಿದೆ, ಹದಿನೆಂಟಕ್ಕೆ ಊರು ಬಿಟ್ಟು ಹೋಗಿ ಎಂದು. ಯಾಕೆ ಎಂದು ಕೇಳಲಿಲ್ಲ. "ನಾನು ಎಲ್ಲಿಗೂ ಹೋಗಲ್ಲ, ಈ ಕಾಲಿಟ್ಕೊಂಡು ಎಲ್ಲಿಗೆ ಹೋಗಲಿ" ಎಂದ.

ಸಿಗ್ಮಾರ್


ಜೈಲು, ಕೋಣೆ ೨೧೪
೧೩ ಮಾರ್ಚ್ ೨೦೧೬

ಗೇಟಿಗೆ ಬರಬೇಡ.

ಹದಿನೆಂಟು, ಸಂಜೆ ಐದು, ತೋಟದ ಗುಡಿಸಲು. ಹುಳ ಮೇಜಿನ ಮೇಲಿರಲಿ. ಬಾಗಿಲಿಗೆ ಚಿಲಕ ಹಾಕಬೇಡ.

ಕ್ರಾಲ್


ತೋಟದ ಗುಡಿಸಲು
೧೮ ಮಾರ್ಚ್ ೨೦೧೬, ಸಂಜೆ

ಎಬ್ಸ್,

ಇದನ್ನು ಅಂಚೆಗೆ ಹಾಕುವುದಿಲ್ಲ, ಮೇಜಿನ ಮೇಲೆ ಬಿಡುತ್ತೇನೆ. ಹುಳದ ಪಕ್ಕದಲ್ಲಿ.

ಮೂರು ಗಂಟೆಗೇ ಬಂದು ಕೂತೆ. ನೆಲ ಗುಡಿಸಿದೆ. ಯಾಕೆ ಗುಡಿಸಿದೆನೋ. ಕೊಡಲಿ, ಗುದ್ದಲಿ, ಕತ್ತರಿ ಎಲ್ಲವನ್ನೂ ಹೊರಗೆ ಗೋಡೆಗೆ ಒರಗಿಸಿಟ್ಟೆ. ನಿನಗೆ ಹುಡುಕುವ ಕಷ್ಟ ಬೇಡವೆಂದೋ, ನನ್ನ ಕೈಗೆ ಸಿಗಬಾರದೆಂದೋ, ನನಗೇ ತಿಳಿಯದು. ಐದಾಯಿತು. ನೀನು ಬರಲಿಲ್ಲ. ಐದೂ ಕಾಲಾಯಿತು. ನೀನು ನೀಲಿ ಬಾಗಿಲಿಗೇ ಹೋಗಿರಬಹುದು. ಟೀಲೆಯ ಮನೆಗೆ ಫೋನು ಮಾಡಿದೆ. ಹೆಂಡತಿ ಎತ್ತಿದಳು. "ಯಾರೂ ಬಂದಿಲ್ಲ. ಇವರು ಬಾಗಿಲ ಎದುರೇ ಕುರ್ಚಿ ಹಾಕ್ಕೊಂಡು ಕೂತಿದಾರೆ, ಕೋಲು ಮಡಿಲಲ್ಲಿಟ್ಕೊಂಡು. ಊಟಕ್ಕೂ ಏಳ್ತಾ ಇಲ್ಲ" ಎಂದಳು.

ಫೋನಿಟ್ಟು ಕಿಟಕಿಯ ಕಡೆ ತಿರುಗಿದರೆ ನೀನು.

ಪ್ಲಮ್ ಮರದ ಕೆಳಗಿನ ಬೆಂಚಿನಲ್ಲಿ, ನನಗೆ ಬೆನ್ನು ಮಾಡಿ. ಎಷ್ಟು ಹೊತ್ತಿನಿಂದ ಕೂತಿದ್ದೀಯೋ. ಗೇಟಿನ ಸದ್ದು ಕೇಳಿಸಲಿಲ್ಲ. ಕೋಲಿನ ಪೆಟ್ಟು ಬಿದ್ದ ಕಿವಿ ಇನ್ನೂ ಸರಿಯಿಲ್ಲ. ಕತ್ತು ಮಾತ್ರ ಎತ್ತಿನದೇ, ಕೂದಲು ಪೂರಾ ಬಿಳಿ. ಜೈಲಿನವರು ಕೊಟ್ಟ ಚೀಲ ಪಕ್ಕದಲ್ಲಿದೆ. ಎಡಗೈ ಮೊಣಕಾಲ ಮೇಲೆ. ಬಲಗೈಯಲ್ಲಿ ಏನಿದೆ ಎಂದು ಇಲ್ಲಿಂದ ಕಾಣುತ್ತಿಲ್ಲ. ಗೋಡೆಗೆ ಒರಗಿಸಿದ್ದ ಮೂರರಲ್ಲಿ ಕೊಡಲಿ ಕಾಣುತ್ತಿಲ್ಲ. ನಾನೇ ಬೇರೆಲ್ಲಾದರೂ ಇಟ್ಟೆನೋ, ನೆನಪಾಗುತ್ತಿಲ್ಲ.

ನೀನು ಅಲ್ಲಿಗೆ ಹೋಗಲಿಲ್ಲ, ಇಲ್ಲಿಗೆ ಬಂದೆ. ನನಗೆ ಬೇಕಿದ್ದದ್ದು ಅಷ್ಟೇ. ಮುಂದಿನದನ್ನು ನಾನು ಕೇಳುವ ಹಾಗಿಲ್ಲ.

ಮಾಡಿನ ಮೇಲೆ ಇವತ್ತು ಚೆನ್ನಾಗಿ ಬಿಸಿಲು ಬಿದ್ದಿತ್ತು. ಬ್ಯಾಟರಿ ತುಂಬಿದೆ, ರೋಮಿಯ ದೀಪ ಮೂರು ಗಂಟೆ ಉರಿಯುತ್ತದೆ. ಅವಳ ದೇವತೆಯನ್ನು ಜನವರಿಯಲ್ಲೇ ಎತ್ತಿಡಬೇಕಿತ್ತು, ಕಿಟಕಿಯಲ್ಲೇ ಇದೆ, ನಿನ್ನ ಕಡೆ ಮುಖ ಮಾಡಿಕೊಂಡು. ದೀಪದ ಗುಂಡಿ ಒತ್ತಿದರೆ ನೀನು ತಿರುಗುತ್ತೀಯ. ಎರಡು ಸಲ ಕೈ ಹೋಯಿತು, ಎರಡು ಸಲ ಹಿಂದೆ ತೆಗೆದೆ. ಅವಳ ಬೆಳಕಿನಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದು ಬೇಡ.

ನಿನ್ನ ಬೆನ್ನ ಗೆರೆ ಮರದ ಜೊತೆ ಕಲೆಯುತ್ತಿದೆ. ಬರೆಯುತ್ತಿರುವ ಸಾಲು ನನಗೇ ಸರಿಯಾಗಿ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ನಾನೇ ಹೊರಗೆ ಬರುತ್ತೇನೆ. ನನ್ನ ಕನ್ನಡಕ ಈ ಕಾಗದದ ಮೇಲೆ ಬಿಚ್ಚಿಟ್ಟು ಬರುತ್ತೇನೆ, ಈ ಸಲ ಕಣ್ಣಿಗೆ ಗಾಜು ಹೋಗುವುದು ಬೇಡ.

ಸಿಗಿ